ಅಣ್ಣನ ವೈರುಗಳನ್ನು ಮೋಡದಿಂದ ಇಳಿಸುವ ಬಗ್ಗೆ

ಇಂದ:
ಅರ್ಜಿದಾರ,
ಲಿಫ್ಟ್ ರಿಪೇರಿ ಮೆಕ್ಯಾನಿಕ್ (ಮೂರು ವರ್ಷಗಳಿಂದ ಸ್ವತಂತ್ರ, ಅದಕ್ಕೂ ಮೊದಲು ಅಣ್ಣನ ಜೊತೆ),
ಮೂರನೇ ಮಹಡಿ, ಲಿಫ್ಟ್ ಇಲ್ಲದ ಕಟ್ಟಡ.

ಗೆ:
ಮಾನ್ಯ ಮೇಲಧಿಕಾರಿಗಳು,
ಫೋಟೋ ಮತ್ತು ಕಡತಗಳ ದಾಸ್ತಾನು ವಿಭಾಗ,
ಮೋಡ, ಅಂದರೆ ಕ್ಲೌಡ್ (ಎಷ್ಟನೇ ಮಹಡಿಯೋ ತಿಳಿಯದು).

ವಿಷಯ: ಜಂಟಿ ಖಾತೆಯಲ್ಲಿ ತುಂಬಿಕೊಂಡಿರುವ, ಅರ್ಜಿದಾರನಿಗೆ ಯಾವ ರೀತಿಯಲ್ಲೂ ಬೇಡವಾದ ಅಣ್ಣನ ಫೋಟೋಗಳನ್ನು ಶಾಶ್ವತವಾಗಿ ಅಳಿಸಿ ಜಾಗ ಮಾಡಿಕೊಡುವ, ಹಾಗೂ ಅದಕ್ಕೆ ಬೇಕಾದ ಓಟಿಪಿಯನ್ನು ಯಾವ ಕಾರಣಕ್ಕೂ ಸದರಿ ಅಣ್ಣನ ಫೋನಿಗೆ ಕಳುಹಿಸದಿರುವ ಕುರಿತು.

ಉಲ್ಲೇಖ:
೧. 'ನಿಮ್ಮ ಜಾಗ ತುಂಬಿದೆ' ಎಂಬ ತಮ್ಮ ಎಚ್ಚರಿಕೆ (ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ).
೨. ತಮ್ಮ ಸಹಾಯ ಕೇಂದ್ರದ ಯಂತ್ರದೊಂದಿಗೆ ಅರ್ಜಿದಾರ ನಡೆಸಿದ ಮಾತುಕತೆ. ಅದರಲ್ಲಿ ಯಂತ್ರವು ಯಾವ ಪ್ರಶ್ನೆಗೂ ನೆಟ್ಟಗೆ ಉತ್ತರ ಕೊಡದೆ, ಪ್ರತಿ ಸಲವೂ 'ಇದರಿಂದ ಸಹಾಯವಾಯಿತೇ?' ಎಂದು ಕೇಳಿರುತ್ತದೆ.
೩. ಅರ್ಜಿದಾರನ ಹೆಂಡತಿಯ ಬಾಯಿಮಾತಿನ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ಅರ್ಜಿದಾರನು ಮೆಟ್ಟಿಲು ಹತ್ತಲಾರದವರಿಗೆ ಉಪಕಾರ ಮಾಡಿ ಹೊಟ್ಟೆ ಹೊರೆಯುವವನು. ಯಾರ ತಂಟೆಗೂ ಹೋದವನಲ್ಲ. ಹೀಗಿರುವಾಗ ಅವನ ಜಾಗ ತುಂಬಿದೆ ಎಂದು ತಾವು ದಿನವೂ ಬಿಡದೆ ತಿಳಿಸುತ್ತಿದ್ದೀರಿ. ಬಹಳ ಸಂತೋಷ. ಬಟ್ಟೆಯ ಕಪಾಟಿನ ಬಗ್ಗೆ ಅವನ ಹೆಂಡತಿಯೂ ಇದನ್ನೇ ಹೇಳುತ್ತಾಳೆ, ಆದರೆ ಅವಳು ಹೇಳಿ ಸುಮ್ಮನೆ ಕೂರುವುದಿಲ್ಲ, ತಾನೂ ಒಂದು ಕೈ ಹಾಕುತ್ತಾಳೆ. ಲೋಕದಲ್ಲಿ ಮೋಡ ಎಂದ ಮೇಲೆ ಎಂದಾದರೊಂದು ದಿನ ಸುರಿದು ಹಗುರಾಗುವುದು ರೂಢಿ. ತಮ್ಮದು ಮಾತ್ರ ಕಟ್ಟಿಕೊಂಡೇ ಇರುತ್ತದೆ, ಸುರಿಯುವುದು ಬರೀ ಎಚ್ಚರಿಕೆ. ಕಾರಣ, ಈ ಕೆಳಕಂಡ ಅಂಶಗಳನ್ನು ದಯಮಾಡಿ ಪರಿಶೀಲಿಸುವುದು.

೧. ಸದರಿ ಖಾತೆ ಹುಟ್ಟಿದ ಬಗೆ.

ಅಣ್ಣನಿಗೂ ಅರ್ಜಿದಾರನಿಗೂ ಒಂದೇ ವರ್ಕ್‌ಶಾಪು, ಒಂದೇ ಏಣಿ, ಒಂದೇ ಟೂಲ್ ಬ್ಯಾಗು ಇದ್ದ ಕಾಲ. ಇಬ್ಬರೂ ಒಟ್ಟಿಗೆ ಹೋಗಿ ಫೋನು ಕೊಂಡಾಗ, ಖಾತೆ ಒಂದೇ ಸಾಕೋ ಬೇರೆ ಬೇರೆ ಬೇಕೋ ಎಂದು ಅಂಗಡಿಯವನು ಕೇಳಿದ. ಆ ಪ್ರಶ್ನೆಯೇ ಅಣ್ಣನಿಗೆ ಅವಮಾನ ಅನ್ನಿಸಿತು. "ನಾವೇನು ಬೇರೆ ಬೇರೇನಾ? ಒಂದೇ ಮಾಡಪ್ಪಾ" ಎಂದ. ಖಾತೆಗೆ ಯಾರ ನಂಬರು ಕೊಡುವುದೆಂದಾಗ ಹಿರಿಯನದೇ ಎಂದಾಯಿತು. ಅರ್ಜಿದಾರ ತಲೆಯಾಡಿಸಿದ. ಅಣ್ಣನ ಮುಂದೆ ತಲೆಯಾಡಿಸುವುದು ಅವನಿಗೆ ನಡೆಯಲು ಕಲಿತಾಗಿನಿಂದ ಬಂದ ಅಭ್ಯಾಸ. ಅಂದಿನಿಂದ ಅಣ್ಣ ಎಲ್ಲೇ ಫೋಟೋ ತೆಗೆಯಲಿ, ಅದು ಮೋಡ ಹತ್ತಿ ಅರ್ಜಿದಾರನ ಫೋನಿನಲ್ಲಿ ಇಳಿಯುತ್ತದೆ.

೨. ವೃತ್ತಿಯ ಪದ್ಧತಿ.

ಲಿಫ್ಟಿನ ಕಂಟ್ರೋಲ್ ಪ್ಯಾನೆಲ್ ತೆರೆದರೆ ಒಳಗೆ ವೈರುಗಳ ಕಾಡು. ಯಾವುದು ಎಲ್ಲಿತ್ತೆಂದು ನೆನಪಿಟ್ಟುಕೊಳ್ಳುತ್ತೇನೆ ಎನ್ನುವ ಜಾಣ ಎಂಟನೇ ಮಹಡಿಯವರನ್ನು ನೆಲಮಾಳಿಗೆಗೆ ಕಳಿಸುತ್ತಾನೆ. ಆದಕಾರಣ ಅಣ್ಣ ಮೊದಲ ದಿನವೇ ಕಲಿಸಿದ ಪಾಠ: "ಬಿಚ್ಚೋಕೆ ಮುಂಚೆ ಒಂದು ಫೋಟೋ, ಮುಚ್ಚಿದ ಮೇಲೆ ಒಂದು ಫೋಟೋ. ಎರಡೂ ಇಲ್ದೆ ಕೆಲ್ಸ ಮುಗೀತು ಅನ್ಬೇಡ." ಪಾಠ ಒಳ್ಳೆಯದೇ, ಅದನ್ನು ಅರ್ಜಿದಾರ ಅಲ್ಲಗಳೆಯುವುದಿಲ್ಲ. ಆದರೆ ತೆಗೆಯಲು ಕಲಿಸಿದ ಮಹಾನುಭಾವ ಅಳಿಸಲು ಕಲಿಸಲಿಲ್ಲ, ಏಕೆಂದರೆ ಅವನಿಗೇ ಬರುತ್ತಿರಲಿಲ್ಲ. ಹೀಗಾಗಿ ಈ ಊರಿನಲ್ಲಿ ಕೆಟ್ಟ ಲಿಫ್ಟುಗಳ ಹೊಟ್ಟೆಯೊಳಗಿನದೆಲ್ಲ ತಮ್ಮ ದಾಸ್ತಾನಿನಲ್ಲಿದೆ. ಅದರಲ್ಲಿ ಅರ್ಧ ಕಟ್ಟಡಗಳು ಈಗಿಲ್ಲ.

೩. ಖಾತೆದಾರರು ಮಾತು ಬಿಟ್ಟ ಪ್ರಸಂಗ.

ಕಟ್ಟಡವೊಂದರ ಲಿಫ್ಟನ್ನು ಇಬ್ಬರೂ ಸೇರಿ ರಿಪೇರಿ ಮಾಡಿ, ಪ್ಯಾನೆಲ್ ಮುಚ್ಚಿ, ಪರೀಕ್ಷೆಗೆಂದು ಒಳಗೆ ನಿಂತು ಗುಂಡಿ ಒತ್ತಿದರು. ಲಿಫ್ಟು ನಾಲ್ಕು ಮತ್ತು ಐದನೇ ಮಹಡಿಯ ನಡುವೆ ನಿಂತಿತು. ದೀಪವೂ ಆರಿತು. ಎಲ್ಲೋ ಎರಡು ವೈರು ಅದಲುಬದಲಾಗಿತ್ತು. ಬಿಚ್ಚುವ ಮೊದಲಿನ ಫೋಟೋ ತೋರಿಸು ಎಂದು ಅಣ್ಣ ಕೇಳಿದ. ನೀನು ತೆಗೆದಿದ್ದೀಯ ಅಂದುಕೊಂಡೆ ಎಂದ ಅರ್ಜಿದಾರ. ನೀನು ತೆಗೆದಿದ್ದೀಯ ಅಂದುಕೊಂಡೆ ಎಂದ ಅಣ್ಣ. ಅಷ್ಟೇ ಸಾಕಾಯಿತು. ಏಣಿ ಹಿಡಿಯುವುದು ಯಾವಾಗಲೂ ಯಾರು, ಹೆಸರು ಹೊಡೆದುಕೊಳ್ಳುವುದು ಯಾವಾಗಲೂ ಯಾರು ಎಂಬಲ್ಲಿಂದ ಹಿಡಿದು, ಚಿಕ್ಕಂದಿನಲ್ಲಿ ಸೈಕಲ್ಲಿನ ಬ್ರೇಕು ಮುರಿದದ್ದು ಯಾರು ಎಂಬಲ್ಲಿಯವರೆಗೆ, ಆ ಕತ್ತಲ ಡಬ್ಬಿಯೊಳಗೆ ಎಲ್ಲವೂ ಹೊರಬಂತು. ಕೊನೆಗೆ ವಾಚ್‌ಮನ್ ಬಂದು ಬಾಗಿಲು ಮೀಟಿ, ಇಬ್ಬರನ್ನೂ ಕೈಹಿಡಿದು ಮೇಲೆಳೆದು, ಬಹಳ ವಿನಯದಿಂದ ಕೇಳಿದ: "ಲಿಫ್ಟ್ ರಿಪೇರಿಯವ್ರನ್ನ ಕರೆಸ್ಲಾ ಸಾರ್?"

ನಗಬೇಕಿತ್ತು. ಒಬ್ಬ ನಕ್ಕಿದ್ದರೂ ಇನ್ನೊಬ್ಬ ನಗುತ್ತಿದ್ದ. ಯಾರೂ ನಗಲಿಲ್ಲ. ಮೆಟ್ಟಿಲಿಳಿದು ಅಣ್ಣ ಎಡಕ್ಕೆ ಹೋದ, ಅರ್ಜಿದಾರ ಬಲಕ್ಕೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಒಂದೇ ಮನೆಯಲ್ಲಿ ಇಬ್ಬರು ಹುಟ್ಟಿದರೆ ಮೊಲದ ಗತಿ ಏನಾಗಬೇಕು, ತಾವೇ ಯೋಚಿಸಿ. ಆ ದಿನದ ಫೋಟೋ ಎಲ್ಲಾದರೂ ಇದ್ದೀತೆಂದು ಅರ್ಜಿದಾರ ಇಡೀ ಖಾತೆಯನ್ನು ಜಾಲಾಡಿದ್ದಾನೆ. ಬೇಡದ್ದೆಲ್ಲ ಇದೆ, ಬೇಕಾದದ್ದೊಂದು ಇಲ್ಲ. ತಮ್ಮ ಇಲಾಖೆಯ ದಕ್ಷತೆಗೆ ಬೇರೆ ಪ್ರಮಾಣಪತ್ರ ಬೇಕಿಲ್ಲ.

೪. ಅಳಿಸಬೇಕಾದ ವಸ್ತುಗಳ ವಿವರ.

ವರ್ಕ್‌ಶಾಪು, ಏಣಿ, ಟೂಲ್ ಬ್ಯಾಗು ಎಲ್ಲ ಬೇರೆಯಾದರೂ ಖಾತೆ ಮಾತ್ರ ಬೇರೆಯಾಗಲಿಲ್ಲ. ಬೇರೆ ಮಾಡಬೇಕಾದರೆ ಒಬ್ಬರು ಇನ್ನೊಬ್ಬರಿಗೆ ಫೋನು ಮಾಡಬೇಕಲ್ಲ! ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಆದ್ದರಿಂದ ಮೂರು ವರ್ಷಗಳಿಂದ ಈ ಕೆಳಕಂಡವು ಅರ್ಜಿದಾರನ ಇಷ್ಟಕ್ಕೆ ವಿರುದ್ಧವಾಗಿ ಬಂದು ಬೀಳುತ್ತಿವೆ:

(ಅ) ವೈರುಗಳು. ಪ್ರತಿ ಫೋಟೋದ ಬಲಮೂಲೆಯಲ್ಲಿ ಅಣ್ಣನ ಹೆಬ್ಬೆರಳು. ಇಷ್ಟು ವರ್ಷವಾದರೂ ಬೆರಳು ಪಕ್ಕಕ್ಕಿಡಲು ಬರುವುದಿಲ್ಲ.

(ಆ) ಅತ್ತಿಗೆ ಕಿಟಕಿಗೆ ಹಿಡಿದು ನೋಡಿದ ಪರದೆ ಬಟ್ಟೆಗಳು. ಕೊನೆಗೆ ನೀಲಿಯನ್ನು ಆರಿಸಿದರು. ಹಸಿರೇ ಚೆನ್ನಾಗಿತ್ತು.

(ಇ) ಅಣ್ಣನ ವರ್ಕ್‌ಶಾಪಿಗೆ ಸೇರಿಕೊಂಡ ಬೂದು ಬೆಕ್ಕು. ಅದು ಮೋಟಾರಿನ ಡಬ್ಬದಲ್ಲಿ ಮರಿ ಹಾಕಿದ್ದು. ಮರಿಗಳು ಕಣ್ಣು ಬಿಟ್ಟದ್ದು. ಕುಂಟ ಮರಿಯೊಂದು ಉಳಿಯಲಾರದೆಂದು ಅರ್ಜಿದಾರ ಅಂದುಕೊಂಡಿದ್ದ. ಉಳಿದಿದೆ, ದಪ್ಪವಾಗಿದೆ.

(ಈ) ಅಣ್ಣ ತನ್ನ ಬಾಯೊಳಗೆ ಕ್ಯಾಮೆರಾ ಹಿಡಿದು ತೆಗೆದ ಹಲ್ಲು. ಅದನ್ನು ಕೀಳಿಸುವವರೆಗೂ ನಿತ್ಯ ಒಂದು.

(ಉ) ಸುಮ್ಮನೆ, ಯಾವುದೋ ಕಟ್ಟಡದ ಮೇಲಿಂದ ತೆಗೆದ ಸಂಜೆಗಳು. ಏಣಿಯ ಕೆಳಗೆ ಹಿಡಿಯಲು ಯಾರೂ ಇಲ್ಲದ ಒಂದು ಫೋಟೋ ಏಕೆ ತೆಗೆದನೋ ತಿಳಿಯುವುದಿಲ್ಲ.

ಬೇಡ ಬೇಡ ಎನ್ನುತ್ತಲೇ ಬೆಳಿಗ್ಗೆ ಎದ್ದು ಮೊದಲು ನೋಡುವುದು ಇದನ್ನೇ ಎಂದು ಹೆಂಡತಿ ಆಕ್ಷೇಪಿಸುತ್ತಾಳೆ. ಏನನ್ನು ಅಳಿಸಬೇಕೆಂದು ತಿಳಿಯಲು ನೋಡಲೇಬೇಕಾಗುತ್ತದೆ ಎಂಬುದು ಅರ್ಜಿದಾರನ ಸಮಜಾಯಿಷಿ.

೫. ಇತ್ತೀಚಿನ ಬೆಳವಣಿಗೆ.

ಕಳೆದ ವಾರ ವೈರುಗಳು ನಿಂತು, ಒಂದು ಬಿಳಿ ಚಾವಣಿಯ ಫೋಟೋ ಬಂತು. ಆಮೇಲೆ ಮಂಚದ ಕಾಲು, ಡ್ರಿಪ್ ಹಾಕುವ ಕಂಬ. ಅದಾದ ಮೇಲೆ ಆಸ್ಪತ್ರೆಯ ಲಿಫ್ಟು: ಬಾಗಿಲು ತೆರೆದಾಗ ನೆಲಕ್ಕಿಂತ ಅರ್ಧ ಇಂಚು ಮೇಲೆ ನಿಲ್ಲುತ್ತಿದೆ ಎಂಬುದನ್ನು ಪಕ್ಕದಲ್ಲಿ ಸ್ಕೇಲಿಟ್ಟು ತೆಗೆದಿದ್ದ. ಆಸ್ಪತ್ರೆಗೆ ಸೇರಿದವನು ಸ್ಕೇಲನ್ನು ಎಲ್ಲಿಂದ ತಂದನೋ, ಅವನನ್ನೇ ಕೇಳಬೇಕು.

ನಿನ್ನೆ ಬಂದದ್ದು ಕೊನೆಯ ಫೋಟೋ. ಅಂಗಿ ತೆಗೆದ ಅಣ್ಣನ ಎದೆ. ಕೂದಲು ಬೋಳಿಸಿ, ನಡುವೆ ಪೆನ್ನಿನಿಂದ ಗೆರೆ ಎಳೆದಿದ್ದಾರೆ. ಪ್ಯಾನೆಲ್ ಫೋಟೋ ತೆಗೆಯುವ ಹಾಗೆಯೇ ನೇರವಾಗಿ, ನಾಲ್ಕೂ ಮೂಲೆ ಕಾಣುವಂತೆ ತೆಗೆದಿದ್ದಾನೆ. ಬಲಮೂಲೆಯಲ್ಲಿ ಹೆಬ್ಬೆರಳಿದೆ. ಅರ್ಥವಾಗಲು ಅರ್ಜಿದಾರನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಇದು ಬಿಚ್ಚುವ ಮೊದಲಿನ ಫೋಟೋ.

ಎರಡನೆಯದು ಬರಬೇಕು. ಪದ್ಧತಿ ಪ್ರಕಾರ ಬಂದೇ ಬರಬೇಕು. ಆದರೆ ಮೊದಲನೆಯದನ್ನು ಒಳಗೆ ಹಾಕಿಕೊಂಡದ್ದೇ ತಡ, 'ನಿಮ್ಮ ಜಾಗ ತುಂಬಿದೆ, ಇನ್ನು ಮುಂದೆ ಯಾವ ಫೋಟೋವನ್ನೂ ಸ್ವೀಕರಿಸಲಾಗುವುದಿಲ್ಲ' ಎಂದು ಇದುವರೆಗೆ ಬರೀ ಎಚ್ಚರಿಸುತ್ತಿದ್ದ ತಾವು ಬಾಗಿಲು ಹಾಕಿಕೊಂಡಿದ್ದೀರಿ. ವರ್ಷಾನುಗಟ್ಟಲೆ ಕಂಡಕಂಡ ವೈರನ್ನೆಲ್ಲ ನುಂಗಿದ ತಮಗೆ ಹೊಟ್ಟೆ ತುಂಬಲು ಇದೇ ಸಮಯ ಸಿಕ್ಕಿತೇ? ತಮ್ಮ ಸಮಯಪ್ರಜ್ಞೆಗೆ ಕೈಮುಗಿಯಬೇಕು.

೬. ಅರ್ಜಿದಾರನ ಸ್ವಂತ ಪ್ರಯತ್ನ.

ಅಂದೇ ಅರ್ಜಿದಾರ ಕೂತು ವೈರುಗಳನ್ನೆಲ್ಲ ಅಳಿಸಿದ. ಬೆಕ್ಕನ್ನು ಬಿಟ್ಟ. ಜಾಗ ಎಳ್ಳಷ್ಟೂ ಆಗಲಿಲ್ಲ. ವಿಚಾರಿಸಿದರೆ, ಅಳಿಸಿದ್ದೆಲ್ಲ ಕಸದ ಬುಟ್ಟಿಗೆ ಹೋಗಿದೆ, ಬುಟ್ಟಿಯಲ್ಲಿರುವುದೂ ಜಾಗದ ಲೆಕ್ಕಕ್ಕೇ ಸೇರುತ್ತದೆ ಎಂದು ತಮ್ಮ ಯಂತ್ರ ನುಡಿಯಿತು. ಮನೆ ಗುಡಿಸಿ ಕಸವನ್ನು ನಡುಮನೆಯಲ್ಲೇ ಗುಡ್ಡೆ ಹಾಕಿದ ಹಾಗೆ. ಬುಟ್ಟಿ ಖಾಲಿ ಮಾಡಬೇಕಾದರೆ ಓಟಿಪಿ ಬೇಕು. ಹೆಚ್ಚು ಜಾಗ ಕೊಳ್ಳುವುದಕ್ಕೂ ಓಟಿಪಿಯೇ ಬೇಕು. ಓಟಿಪಿ ಹೋಗುವುದು ಹಿರಿಯನ ಫೋನಿಗೆ. ಅರ್ಥಾತ್, 'ಅಣ್ಣಾ, ಒಂದು ನಂಬರು ಬಂದಿದೆ ಹೇಳು' ಎಂದು ಅರ್ಜಿದಾರನೇ ಮೊದಲು ಬಾಯಿ ಬಿಡಬೇಕು. ಮೂರು ವರ್ಷ ಕಾಪಾಡಿಕೊಂಡು ಬಂದ ಮೌನವನ್ನು ಕಸದ ಬುಟ್ಟಿಗಾಗಿ ಮುರಿಯುವುದು ಮರ್ಯಾದೆಯ ಪ್ರಶ್ನೆಯಾದ್ದರಿಂದ, ಓಟಿಪಿಯನ್ನು ನೇರವಾಗಿ ಅರ್ಜಿದಾರನಿಗೇ ಕಳುಹಿಸಿ ಎಂಬುದೇ ಈ ಅರ್ಜಿಯ ಮೂಲ ಉದ್ದೇಶವಾಗಿತ್ತು.

೭. ಅರ್ಜಿಯ ನಡುವೆ ಉಂಟಾದ ಅಡಚಣೆ.

ಇಷ್ಟು ಬರೆಯುವ ಹೊತ್ತಿಗೆ ಹೆಂಡತಿ ಬಂದು ಎದುರಿಗೆ ನಿಂತಳು. ಬೇಡವೆಂದು ಎಷ್ಟು ಹೇಳಿದ್ದರೂ ಅತ್ತಿಗೆಗೆ ಫೋನು ಮಾಡಿದ್ದಳು. ಆಪರೇಷನ್ ಬೆಳಿಗ್ಗೆಯೇ ಆಗಿದೆ. ಅಣ್ಣ ಇನ್ನೂ ಕಣ್ಣು ಬಿಟ್ಟಿಲ್ಲ. ಕಾಯಬೇಕು ಎಂದಿದ್ದಾರೆ ಡಾಕ್ಟರು. ತಮ್ಮನಿಗೆ ತಿಳಿಸಕೂಡದೆಂದು ಅಣ್ಣ ಮನೆಯವರಿಗೆಲ್ಲ ತಾಕೀತು ಮಾಡಿದ್ದನಂತೆ. ಅತ್ತಿಗೆ ಅದಕ್ಕೇ ಸುಮ್ಮನಿದ್ದರಂತೆ.

"ಒಳಗೆ ಕರ್ಕೊಂಡು ಹೋಗೋ ಮುಂಚೆ ಭಾವ ಅಕ್ಕನ ಕೈಗೆ ಫೋನ್ ಕೊಟ್ರಂತೆ" ಎಂದಳು ಹೆಂಡತಿ. "ಮುಚ್ಚಿದ ಮೇಲೆ ಇನ್ನೊಂದು ಫೋಟೋ ತೆಗಿ, ಅವ್ನು ನೋಡ್ತಿರ್ತಾನೆ ಅಂದ್ರಂತೆ."

ಅವನು ನೋಡುತ್ತಿರುತ್ತಾನೆ. ಎಂದರೆ ಅಣ್ಣನಿಗೆ ಗೊತ್ತಿತ್ತು. ಪರದೆ, ಬೆಕ್ಕು, ಹಲ್ಲು, ಏಣಿ, ಸ್ಕೇಲಿಟ್ಟ ಲಿಫ್ಟು, ಎಲ್ಲವನ್ನೂ ಯಾರು ನೋಡುತ್ತಾರೆಂದು ಗೊತ್ತಿದ್ದೇ ತೆಗೆಯುತ್ತಿದ್ದ. ಇಲ್ಲಿ ಅಕ್ಷರ ಕೆಟ್ಟಿದ್ದಕ್ಕೆ ಕ್ಷಮೆ ಇರಲಿ.

ಅತ್ತಿಗೆಗೆ ಫೋಟೋ ತೆಗೆಯಲು ಆಗುತ್ತಿಲ್ಲವಂತೆ, ಎಲ್ಲಿ ಒತ್ತಿದರೂ ಜಾಗವಿಲ್ಲ ಎನ್ನುತ್ತದಂತೆ. ಅರ್ಜಿದಾರನಿಗೆ ಹೆದರಿಕೆಯಾಗಿದೆ. ಲಿಫ್ಟಿನ ಹಗ್ಗಕ್ಕೆ ಜೋತುಬಿದ್ದಾಗಲೂ ಆಗದ ಹೆದರಿಕೆ. ಇದನ್ನು ಅರ್ಜಿಯಲ್ಲಿ ಬರೆಯುವ ಪದ್ಧತಿ ಇದೆಯೋ ಇಲ್ಲವೋ ಗೊತ್ತಿಲ್ಲ.

೮. ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದಾಗಿ, ವಿಷಯದ ಸಾಲಿನಲ್ಲಿ ಬರೆದ 'ಯಾವ ಕಾರಣಕ್ಕೂ ಸದರಿ ಅಣ್ಣನ ಫೋನಿಗೆ ಕಳುಹಿಸದಿರುವ' ಎಂಬುದನ್ನು ಹೊಡೆದುಹಾಕಿ ಓದಿಕೊಳ್ಳತಕ್ಕದ್ದು. ಓಟಿಪಿಯನ್ನು ಅಣ್ಣನ ಫೋನಿಗೇ ಕಳುಹಿಸುವುದು, ಬೇರೆ ಯಾರಿಗೂ ಕಳುಹಿಸಕೂಡದು. ಅರ್ಜಿದಾರ ಈಗಲೇ ಹೊರಡುತ್ತಿದ್ದು, ಅದು ಬರುವ ಹೊತ್ತಿಗೆ ಆ ಮಂಚದ ಪಕ್ಕದಲ್ಲೇ ನಿಂತಿರುತ್ತಾನೆ. ವೈರುಗಳನ್ನು ಅಳಿಸುವುದು. ಬೆಕ್ಕು, ಪರದೆ, ಹಲ್ಲು, ಸಂಜೆ, ಇವುಗಳಿಗೆ ಕೈ ಹಚ್ಚಬಾರದು. ಎರಡನೇ ಫೋಟೋವನ್ನು ಅಣ್ಣನ ಪರವಾಗಿ ಅರ್ಜಿದಾರನೇ ಖುದ್ದಾಗಿ ತೆಗೆಯುವನು. ಇನ್ನೊಬ್ಬರು ತೆಗೆದಿರಬಹುದೆಂದು ಅಂದುಕೊಳ್ಳುವ ತಪ್ಪು ಈ ಕುಟುಂಬದಲ್ಲಿ ಇನ್ನೊಂದು ಸಲ ಆಗಬಾರದು.

ಈ ಅರ್ಜಿಯಿಂದ ತಮಗೆ ಸಹಾಯವಾಯಿತೇ?

ಇಂತಿ ತಮ್ಮ ವಿಶ್ವಾಸಿ, ಹಾಗೂ ಅಣ್ಣನ ತಮ್ಮ,
(ಸಹಿ)

ಲಗತ್ತುಗಳು:
೧. ಜಾಗ ತುಂಬಿದೆ ಎಂಬ ತಮ್ಮ ಎಚ್ಚರಿಕೆಗಳು, ಒಂದು ಕಟ್ಟು (ವಾಪಸು ಕಳಿಸಬೇಕಿಲ್ಲ).
೨. ಬಿಚ್ಚುವ ಮೊದಲಿನ ಫೋಟೋ, ಹೆಬ್ಬೆರಳು ಸಮೇತ.
೩. ಮುಚ್ಚಿದ ಮೇಲಿನ ಫೋಟೋ: ಇನ್ನೂ ತೆಗೆದಿಲ್ಲ. ಅಣ್ಣ ಕಣ್ಣು ಬಿಟ್ಟ ಕೂಡಲೇ ಸಲ್ಲಿಸಲಾಗುವುದು. ಅಲ್ಲಿಯವರೆಗೆ ಜಾಗ ಹಿಡಿದಿಟ್ಟಿರಬೇಕೆಂದು ಕೋರಿಕೆ.