ವ್ಯಾಪಾರಸ್ಥರು ಮಾಡಿದ ಮಾಸ್ತರಿಕೆ

ಇಪ್ಪತ್ತು ವರ್ಷದಿಂದ ಹೊಸ ಶಿಕ್ಷಕರಿಗೆ ತರಬೇತಿ ಕೊಡುತ್ತಿದ್ದೇನೆ. ನಗೆಪಾಟಲಾಗದ ತರಬೇತಿ ಒಂದೂ ನೆನಪಿಲ್ಲ. ಪ್ರತಿಸಲ ಊಟ ಹಾಕಿಸುವ ವ್ಯಾಪಾರಸ್ಥರು ಈ ಸಲ, "ಒಂದೊಂದ ಪಾಠ ನಾವೂ ಮಾಡ್ತೇವ್ರಿ" ಎಂದರು. ಉಂಡ ಬಾಯಿಂದ ಇಲ್ಲ ಎನ್ನುವುದು ಹೇಗೆ?

ಗೋಕಾಕದ ಸೀರೆ

ಅರಿವೆ ಅಂಗಡಿಯ ಕಾಕಾ ಬಂದವರೇ ಸೀರೆಯೊಂದನ್ನು ಬಿಚ್ಚಿ ತಮ್ಮ ಹೆಗಲ ಮೇಲೇ ಹಾಕಿಕೊಂಡರು.

"ತಿಳೀತೇನು ಅಂತ ನಾ ಎಂದೂ ಕೇಳೂದಿಲ್ರಿ. ಹೂಂ ಅಂದು ಎದ್ದ ಹೋಗ್ತಾರ. ಎರಡ ತೋರಿಸಿ, ಇದರಾಗ ಯಾವುದು, ಯಾಕ ಅಂತ ಕೇಳ್ತೇನಿ."

ನಾನು ಇಪ್ಪತ್ತು ವರ್ಷ ಹೇಳಿದ್ದನ್ನು ಈ ಮನುಷ್ಯ ಹತ್ತೇ ನಿಮಿಷದಲ್ಲಿ ಮಾಡಿ ತೋರಿಸಿದ್ದ. ಬೆರಗಾಗಿ ಹೋದೆ. ಸಂಜೆ ಎರಡು ಸೀರೆ ಹಿಡಿದು ಮನೆಗೆ ಹೋದಾಗ ಹೆಂಡತಿ ಕೇಳಿದಳು: "ಇವತ್ತ ತರಬೇತಿ ಯಾರಿಗಿತ್ರಿ?"

ಮೂಡಲಗಿಯ ಟವೆಲ್ಲು

ಮೇಲವಂಕಿಯ ಕುರುಬರ ಮನೆಯ ಹುಡುಗಿಯೊಬ್ಬಳು ಹೊಸ ಟೀಚರು. ಓದಿನಲ್ಲಿ ಮುಂದು, ನಾಲ್ಕು ಮಂದಿ ಎದುರು ನಿಂತರೆ ಮಾತ್ರ ದನಿಯೇ ಹೊರಡದು. "ಮುಂದಿನ ವಾರ ತಪಾಸಣೆಗೆ ಬರೋ ಸಾಹೇಬರ ಮುಂದ ಪಾಠ ಮಾಡಾಕ ಆಗಲಿಲ್ಲಂದ್ರ ನೌಕರಿ ಬಿಡ್ತೇನ್ರಿ ಸರ" ಎಂದು ಕಣ್ಣೀರು ಹಾಕಿದಳು. ನನಗೂ ಸಂಕಟವಾಯಿತು.

ಅಂದು ಪಾಠಕ್ಕೆ ಬಂದವರು ಕುರಿ ದಲಾಲರು. "ಸಂತ್ಯಾಗ ನಾವು ದರ ಒದರೂದಿಲ್ರಿ, ಬೆರಳಿಲೇ ಹೇಳ್ತೇವಿ" ಎಂದು ಟವೆಲ್ಲಿನ ಕೆಳಗೆ ಒಬ್ಬೊಬ್ಬರ ಕೈಬೆರಳು ಹಿಡಿದರು. "ಹಿಡದದ್ದೆಷ್ಟ, ಬಿಟ್ಟದ್ದೆಷ್ಟ, ಉಳದದ್ದೆಷ್ಟ?" ಗಣಿತದಲ್ಲಿ ಪದವಿ ಪಡೆದವರೆಲ್ಲ ತಪ್ಪಿದರು. ಈ ಹುಡುಗಿ ಮಾತ್ರ ದಲಾಲರನ್ನೇ ಸೋಲಿಸಿದಳು.

ಅವರು ಕೈಮುಗಿದರು: "ತಂಗಿ, ನೀ ಸಾಲಿಗ್ಯಾಕ ಹೊಂಟಿ? ಸಂತಿಗೆ ಬಾ!"

ಹುಕ್ಕೇರಿಯ ಹೊಸ ವಿದ್ಯಾರ್ಥಿ

ಸಾಹೇಬರು ತಲೆಗೂದಲಿಗೆ ಕಪ್ಪು ಹಚ್ಚಿಕೊಂಡು ಬಂದು ಎರಡನೇ ಇಯತ್ತೆಯ ತರಗತಿಯಲ್ಲಿ ಮಕ್ಕಳ ಹಿಂದೆ ಕೂತರು. ಹುಡುಗಿಯ ದನಿ ಹೊರಡಲಿಲ್ಲ.

ಆಕೆ ಸುಮ್ಮನೆ ಮುಂದಿನ ಮಗುವಿನ ಎರಡೂ ಕೈ ಮೇಲೆ ಸೆರಗು ಮುಚ್ಚಿ ಬೆರಳು ಹಿಡಿದಳು. ಎಂಟು ಹಿಡಿದು ಮೂರು ಬಿಟ್ಟಳು. "ಐದು!" ಎಂದು ಮಗು ಕಿರುಚಿತು. ಉಳಿದ ಮಕ್ಕಳು ನಾ ಮುಂದು ತಾ ಮುಂದು ಎಂದು ಕೈ ಚಾಚಿದರು. ಬೆರಳು ಹಿಡಿದ ಹೊತ್ತಿಗೆ ಮಾತ್ರ ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿದ್ದರು! ಅಂಥ ತರಗತಿ ನನ್ನ ಜನ್ಮದಲ್ಲಿ ನೋಡಿರಲಿಲ್ಲ.

ಸಾಹೇಬರಿಗೂ ತಡೆಯಲಾಗಲಿಲ್ಲ. ಎದ್ದು ಬಂದು ಕೈಕೊಟ್ಟರು, ಉತ್ತರ ತಪ್ಪಿದರು. ಇನ್ನೊಮ್ಮೆ ಕೊಟ್ಟರು; ಇನ್ನೊಮ್ಮೆ ತಪ್ಪಿದರು.

ಮುಂದಿನ ಸಾಲಿನ ಮಗು ಸರಿದು ಜಾಗ ಮಾಡಿತು: "ಟೀಚರ್, ಈ ಅಜ್ಜಾರ್ನ ನನ್ನ ಬಾಜೂ ಕುಂದರಸ್ರಿ. ನಾ ಹೇಳಿಕೊಡ್ತೇನಿ."

ಆಗ ಹುಡುಗಿಗೆ ನಗು ತಡೆಯಲಾಗದೆ, ಹಿಂದಿನ ಗೋಡೆಗೂ ಮುಟ್ಟುವಂಥ ದನಿ ಹೊರಟಿತು:

"ಕುಂದರ್ರಿ ಸರ! ಗಾಬರಿ ಆಗಬ್ಯಾಡ್ರಿ, ಮೊದಲನೇ ದಿನ ಎಲ್ಲಾರಿಗೂ ಹಿಂಗ ಆಕ್ಕೈತಿ."