ಹಡಗು ಮುಳುಗದ ಕಾದಂಬರಿ

ನಮ್ಮ ಭಾವನವರ ಜೀವನದಲ್ಲಿ ಇದುವರೆಗೆ ಕೆಟ್ಟದ್ದು ಏನೂ ನಡೆದಿಲ್ಲ. ಇದು ನನ್ನ ಅಭಿಪ್ರಾಯವಲ್ಲ. ಎರಡು ಸಲ ಕಾಲು ಮುರಿದುಕೊಂಡು ಮೂರು ಸಲ ಪಾಸ್‌ಪೋರ್ಟ್ ಕಳೆದುಕೊಂಡ ಭಾವನವರದೇ ಹೇಳಿಕೆ! ಪ್ರತಿ ಅನಾಹುತವೂ ಒಂದು ಉಪಕಾರವೆಂದು ಅವರು ಪ್ರಮೇಯದಂತೆ ಸಾಧಿಸಿ ತೋರಿಸುತ್ತಾರೆ. ಮೂವತ್ತು ವರ್ಷ ನೈರೋಬಿಯಲ್ಲಿ ಗಣಿತ ಕಲಿಸಿದವರಲ್ಲವೇ?

ನಾನೋ, ಶಾಸನಗಳ ಕಾಲನಿರ್ಣಯದಲ್ಲೇ ತಲೆ ನರೆಸಿಕೊಂಡು ನಿವೃತ್ತನಾದವನು. ತಾರೀಖು ಕೂಡಿಬರದ ಮಾತು ನನಗೆ ಗಂಟಲಲ್ಲಿ ಇಳಿಯುವುದಿಲ್ಲ. ನೈರೋಬಿಯ ಕಿಲೆಲೆಶ್ವಾ ಬಡಾವಣೆಯಲ್ಲಿದ್ದ ಅವರ ಫ್ಲ್ಯಾಟಿಗೆ ನಾನು ಬಂದಿಳಿದ ದಿನವೇ ಲಿಫ್ಟ್ ಕೆಟ್ಟಿತ್ತು. ಐದು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದ ನನಗೆ ಭಾವನವರೆಂದರು:

“ಒಳ್ಳೇದೇ ಆಯ್ತು ಬಿಡಪ್ಪಾ. ಹಿಂದೊಂದ್ಸಲ ಹೀಗೇ ಕೆಟ್ಟಾಗ ಮೆಟ್ಟಿಲ ಮೇಲೆ ಒಬ್ಬ ಹೆಡ್‌ಮಿಸ್ಟ್ರೆಸ್ ಸಿಕ್ಕಿ ನಿಮ್ಮಕ್ಕನಿಗೆ ಟೀಚರ್ ಕೆಲಸ ಕೊಟ್ರು.”

ಅಕ್ಕನ ನೇಮಕಾತಿ ಪತ್ರವನ್ನು ಹುಡುಕಿ ತೆಗೆದೆ. ಅವಳು ಕೆಲಸಕ್ಕೆ ಸೇರಿದ ವರ್ಷ ಈ ಕಟ್ಟಡಕ್ಕೆ ಅಡಿಪಾಯವನ್ನೂ ಹಾಕಿರಲಿಲ್ಲ!

“ನೋಡಿದ್ಯಾ?” ಎಂದರು ಭಾವ, ಒಂದಿಷ್ಟೂ ಕದಲದೆ. “ಲಿಫ್ಟ್ ಕೆಟ್ಟಿದ್ದಕ್ಕೇ ತಾನೇ ನಿಂಗೆ ಆ ಪತ್ರ ಸಿಕ್ಕಿದ್ದು?”

ಇಂಥವರ ಕೈಗೆ ಒಂದು ಹಳೆಯ ಫ್ರೆಂಚ್ ಕಾದಂಬರಿಯ ಇಂಗ್ಲಿಷ್ ಅನುವಾದವನ್ನು ಇಟ್ಟವನು ನಾನೇ. ನಡೆಯುವುದೆಲ್ಲ ಒಳಿತಿಗೇ ಎಂದು ನಂಬಿದ ಅಮಾಯಕನ ತಲೆಯ ಮೇಲೆ ಯುದ್ಧ, ಹಡಗುನಾಶ, ಭೂಕಂಪಗಳನ್ನು ಬೆನ್ನುಬೆನ್ನಿಗೆ ಸುರಿದು, ಆ ನಂಬಿಕೆಯನ್ನೇ ಗೇಲಿ ಮಾಡುವ ಕೃತಿ ಅದು. ಓದಿ ನಾಚಿಯಾರೆಂಬುದು ನನ್ನ ದುರಾಸೆ.

ಅದೇ ವಾರ ಅಕ್ಕನ ಕಣ್ಣಿಗೆ ಶಸ್ತ್ರಚಿಕಿತ್ಸೆಯಾಯಿತು. ಒಂದು ಕಣ್ಣು ಮೊದಲೇ ಹೋಗಿತ್ತು. ಉಳಿದದ್ದರ ಮೇಲೆ ಈಗ ಪಟ್ಟಿ. ಶುಕ್ರವಾರ ಬಿಚ್ಚಿದಾಗ ಕಾಣುವುದೋ ಇಲ್ಲವೋ, ವೈದ್ಯರೂ ಭರವಸೆ ಕೊಡಲಿಲ್ಲ. ಅವಳಿಗೆ ಹೊತ್ತು ಹೋಗಲೆಂದು ಭಾವನವರು ಆ ಕಾದಂಬರಿಯನ್ನೇ ಕನ್ನಡಕ್ಕೆ ತಿರುಗಿಸುತ್ತಾ ಓದತೊಡಗಿದರು. ನಾನು ಬಾಗಿಲಲ್ಲಿ ನಿಂತು ಆಲಿಸಿದೆ. ಹಡಗು ಮುಳುಗಲಿಲ್ಲ! ಭೂಮಿ ಅಲುಗಲಿಲ್ಲ! ಸೈನಿಕರು ಊಟ ಮುಗಿಸಿ ಅವರವರ ಮನೆಗೆ ಹೋದರು! ಅನಾಹುತಗಳನ್ನೆಲ್ಲ ಹಾರಿಸಿದ್ದರಿಂದ ಅರ್ಧ ಪುಸ್ತಕ ಒಂದೇ ಸಂಜೆಗೆ ಮುಗಿಯಿತು.

“ಭಾವ, ಇದು ಮೂಲಪಾಠಕ್ಕೆ ದ್ರೋಹ!” ಎಂದು ಅಡುಗೆಮನೆಯಲ್ಲಿ ಅವರನ್ನು ಹಿಡಿದೆ.

ಅವರು ಚಹಾ ಬಗ್ಗಿಸುತ್ತಿದ್ದರು. ಲೋಟಕ್ಕಿಂತ ಕಟ್ಟೆಯ ಮೇಲೇ ಹೆಚ್ಚು ಬೀಳುತ್ತಿತ್ತು.

“ಪುಸ್ತಕ ಕಾಯುತ್ತಪ್ಪಾ,” ಎಂದರು. “ಶುಕ್ರವಾರ ಒಂದು ಆಗ್ಲಿ. ಆಮೇಲೆ ಎಲ್ಲಾ ಹಡಗೂ ಮುಳುಗಿಸ್ತೀನಿ.”

ಗುರುವಾರ ಅಕ್ಕನ ಮಾತ್ರೆಗಳು ತೀರಿದವು. ಮಟಾಟು ಎಂಬ ಅಲ್ಲಿನ ಮಿನಿಬಸ್ಸು ತಪ್ಪಿದರೂ ಹಿಗ್ಗುವ ಮನುಷ್ಯ ಅಂದು ಮಟಾಟು ಹಿಡಿಯಲು ಓಡಿದರು. ಓದುವ ಸರದಿ ನನಗೆ ಬಂತು.

“ಭಾವ ಬಿಟ್ಟದ್ದನ್ನೂ ಸೇರಿಸಿ ಓದಲೇನೇ ಅಕ್ಕಾ?”

“ನಾನದನ್ನ ಕಾಲೇಜಲ್ಲೇ ಓದಿದೀನಿ ಕಣೋ,” ಎಂದಳು. “ಎಲ್ಲೆಲ್ಲಿ ಹಾರಿಸ್ತಾರೆ ಅಂತ ಗೊತ್ತಾಗುತ್ತೆ. ಅಲ್ಲೆಲ್ಲ ದನಿ ನಡುಗುತ್ತೆ ಅವರಿಗೆ. ಹೇಳ್ಬೇಡ. ನೀನು ಓದು.”

ಪುಟ ತೆರೆದೆ. ಫಿರಂಗಿಯೇಟು ತಿಂದು ಇನ್ನೊಂದು ಹಡಗು ಮುಳುಗುತ್ತಿತ್ತು. ವೃತ್ತಿಜೀವನದುದ್ದಕ್ಕೂ ಮೂಲದ ಒಂದಕ್ಷರವನ್ನೂ ತಿದ್ದದ ನಾನು ಕನ್ನಡಕ ತೆಗೆದು ಒರೆಸಿಕೊಂಡೆ.

“ಹಡಗು ದಡ ಸೇರಿತು. ಎಲ್ಲರೂ ಕ್ಷೇಮ,” ಎಂದೆ.

ಅಕ್ಕ ನಕ್ಕಳು. “ಅಯ್ಯೋ, ನೀನೂನಾ! ತಾರೀಖಾದ್ರೂ ಹೇಳೋ. ಯಾವತ್ತು ಸೇರಿತು?”

“ಶುಕ್ರವಾರ.”