ಗಾಡಿಯ ಹಳದಿ ದೀಪದ ದಯೆ

ಕಾರು ಇರುವ ಮನೆಯಲ್ಲಿ ಒಂದಲ್ಲ ಒಂದು ತಾಪತ್ರಯ ಇದ್ದೇ ಇರುತ್ತದೆ. ನಮ್ಮ ಮನೆಯಲ್ಲಿ ಮಾತ್ರ ಅಂಥ ತಾಪತ್ರಯಗಳೆಲ್ಲ ನಗೆಯಲ್ಲಿಯೇ ಮುಗಿಯುತ್ತವೆ. ಮಸ್ಕಿಯಲ್ಲಿ ನಾನು ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತೇನೆ. ನಮ್ಮ ಮನೆಯವರು ಅವನ್ನು ಡೀಸೆಲ್ ಕಾರಿನಲ್ಲಿ ಮುಟ್ಟಿಸಿ ಬರುತ್ತಾರೆ. ಮನೆಯಿಂದ ಬಸ್ ನಿಲ್ದಾಣ, ಬಸ್ ನಿಲ್ದಾಣದಿಂದ ಮನೆ. ಕಾರಿನ ಲೋಕಸಂಚಾರ ಅಷ್ಟೇ. ನನ್ನದು ಅದಕ್ಕಿಂತಲೂ ಕಡಿಮೆ.

ಮುದಗಲ್ಲಿನಲ್ಲಿ ನನ್ನ ತಂಗಿ ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದ ದಿನವೇ ನಮಗೆ ದೊಡ್ಡದೊಂದು ಮದುವೆಯ ರೊಟ್ಟಿ ಒಪ್ಪಿಕೊಂಡಾಗಿತ್ತು. ಹೋಗಲಾಗಲಿಲ್ಲ. ಅಂದಿನಿಂದ ಅವಳು ನನ್ನ ಫೋನ್ ಎತ್ತುವುದನ್ನು ಬಿಟ್ಟಳು. ಒಮ್ಮೆ ಹೋಗಿ ಬರೋಣವೆಂದಾಗಲೆಲ್ಲ ನಮ್ಮ ಮನೆಯವರು "ನೋಡೂನು" ಎನ್ನುತ್ತಿದ್ದರು. ಅವರು "ನೋಡೂನು" ಎಂದರೆ ಆ ಮಾತು ಅಲ್ಲಿಗೆ ಮುಗಿಯಿತು ಎಂದೇ ಅರ್ಥ. ಹಾಗೆ ಮುಗಿದಿದ್ದ ಮಾತನ್ನು ಮತ್ತೆ ಎತ್ತಿಕೊಟ್ಟದ್ದು ಕಾರಿನ ಮೀಟರಿನಲ್ಲಿ ಹತ್ತಿದ ಒಂದು ಹಳದಿ ದೀಪ. ಅದರ ಉಪಕಾರವನ್ನು ಬರೆದಿಡುವುದು ನನ್ನ ಧರ್ಮವೆಂದು ಭಾವಿಸಿದ್ದೇನೆ.

ಕರಡಿಗೆ

ದೀಪದೊಳಗೆ ಒಂದು ಚಿತ್ರವಿತ್ತು. ನಡುವೆ ಒಂದು ಡಬ್ಬಿ, ಡಬ್ಬಿಯ ಎರಡೂ ಬದಿಗೆ ಒಂದೊಂದು ಗೆರೆ, ಒಳಗೆ ಒಂದಷ್ಟು ಚುಕ್ಕಿಗಳು. ನಮ್ಮ ಮನೆಯವರು ಅದನ್ನು ಸಾಸಿವೆ ಡಬ್ಬಿ ಎಂದರು. ನಮ್ಮ ಅತ್ತೆಯವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಅವರು ದಿನವೂ ಲಿಂಗಪೂಜೆ ಮಾಡುವವರು. ಕೊರಳಲ್ಲಿ ಲಿಂಗವಿರುವ ಬೆಳ್ಳಿಯ ಕರಡಿಗೆಯನ್ನು ದಾರ ಹಾಕಿ ಕಟ್ಟಿಕೊಂಡಿರುತ್ತಾರೆ.

"ಇದು ಕರಡಿಗಿ ಐತಿ. ಎರಡೂ ಕಡೆ ಶಿವದಾರ ಕಾಣವಲ್ದೇನು?" ಎಂದರು.

ಮರುದಿನ ಪೂಜೆ ಮುಗಿಸಿದವರೇ ಹೋಗಿ ಮೀಟರಿನ ಗಾಜಿಗೆ ಮೂರು ಬೆರಳಿನಿಂದ ದಪ್ಪಗೆ ವಿಭೂತಿ ಎಳೆದರು. ನಮ್ಮ ಮನೆಯವರು ಬಂದು ಗಾಡಿ ಚಾಲೂ ಮಾಡಿದರೆ ದೀಪವೇ ಇಲ್ಲ. ಅವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮೆಕ್ಯಾನಿಕ್ಕುಗಳಿಗಿಂತ ಅವ್ವನ ಕೈ ಮೇಲು ಎಂದು ಖಾನಾವಳಿಗಳಲ್ಲೆಲ್ಲ ಹೇಳಿಕೊಂಡು ಬಂದರು. ವಾರ ಕಳೆದ ಮೇಲೆ ನಾನು ಕಾರಿನ ಧೂಳು ಹೊಡೆಯುವಾಗ, ಗಾಜಿನ ಮೇಲೆ ಇಷ್ಟೊಂದು ಬೂದಿ ಏಕೆ ಎಂದು ಒದ್ದೆ ಬಟ್ಟೆಯಿಂದ ಒರೆಸಿಬಿಟ್ಟೆ. ಗಾಡಿ ಚಾಲೂ ಮಾಡಿದ ಕೂಡಲೇ ದೀಪ ಎಂದಿನಂತೆ ಉರಿಯಿತು.

ಅತ್ತೆಯವರು ಮಗನನ್ನು ಕರೆದು ಸಮಾಧಾನವಾಗಿಯೇ ಹೇಳಿದರು: "ನಾ ಆರಿಸಿದ್ನೆಪಾ. ನಿನ್ನ ಹೆಣ್ತಿ ಒರಿಸಿ ಹಚ್ಯಾಳ."

ಬಂದ್ ಆದ ಫಿಲ್ಟರ್

ಸಿಂಧನೂರಿನ ಮೆಕ್ಯಾನಿಕ್ಕಿಗೆ ನಮ್ಮ ಮನೆಯವರು ದೀಪದ ಫೋಟೋ ಕಳಿಸಿದ್ದರು. ಅವನು ತಿರುಗಿ ಫೋನ್ ಮಾಡಿದಾಗ ಅವರು ರೊಟ್ಟಿ ಕೊಡಲು ಹೋಗಿದ್ದರು, ಫೋನ್ ಮನೆಯಲ್ಲೇ ಇತ್ತು. ಗುರುತಿಲ್ಲದವರೊಡನೆ ಫೋನಿನಲ್ಲಿ ಮಾತನಾಡುವುದೆಂದರೆ ನನಗೆ ಮೊದಲಿನಿಂದಲೂ ಸಂಕೋಚ. ಅವನು ಏನೇನೋ ಹೇಳಿದ. ನನ್ನ ಕಿವಿಗೆ ಸರಿಯಾಗಿ ಬಿದ್ದದ್ದು "ಫಿಲ್ಟರ್ ಬಂದ್ ಆಗೇತಿ" ಎಂಬ ಒಂದೇ ಮಾತು. ನಮ್ಮ ಕಡೆ ಫಿಲ್ಟರ್ ಎಂದರೆ ಕುಡಿಯುವ ನೀರು ತುಂಬಿಸಿಕೊಳ್ಳುವ ಜಾಗ. ಸಿಂಧನೂರಿನಲ್ಲಿ ಕುಳಿತವನಿಗೆ ನಮ್ಮ ಓಣಿಯ ಫಿಲ್ಟರಿನ ಮೇಲೆ ಇಷ್ಟು ಕಾಳಜಿಯೇ ಎಂದು ನನಗೆ ಬಹಳ ಹಿತವೆನಿಸಿತು.

ನಮ್ಮ ಮನೆಯವರು ಬಂದಾಗ ಸುದ್ದಿ ಮುಟ್ಟಿಸಿದೆ. ಅವರು ಎರಡು ಕ್ಯಾನ್ ಹಿಡಿದು ಹೋಗಿ ನೋಡಿ, ಅಲ್ಲಿಂದಲೇ ಅವನಿಗೆ ಫೋನ್ ಹಚ್ಚಿದರು. "ಯಾರು ಹೇಳಿದ್ರಪಾ ನಿನಗ? ಇಲ್ಲೇ ನಿಂತೀನಿ, ನೀರು ಚಲೋ ಬರಾಕತ್ತಾವ."

"ನೀರಿಂದಲ್ರೀ, ಹೊಗಿ ಫಿಲ್ಟರ್. ಗಾಡಿ ಹೊಗಿಯೊಳಗಿನ ಮಸಿ ಹೊರಗ ಹೋಗದಂಗ ಹಿಡೀತೈತಿ. ಅದು ತುಂಬಿ ಕಟ್ಟಿಕೊಂಡೈತಿ."

ಸಂಜೆ ಅವರು ಇದನ್ನು ವಿವರಿಸುವಾಗ ನಾನು ಒಲೆಯ ಮುಂದೆ ಕಣ್ಣೊರೆಸಿಕೊಳ್ಳುತ್ತ ರೊಟ್ಟಿ ಬಡಿಯುತ್ತಿದ್ದೆ. ಹೊಗೆಗೂ ಫಿಲ್ಟರ್ ಇದೆಯೆಂದು ನನಗೆ ಆ ದಿನವೇ ತಿಳಿದದ್ದು. ಕಾರು ನನಗಿಂತ ಪುಣ್ಯವಂತೆ ಎಂದುಕೊಂಡೆ.

ಎರಡೂ ಕೈ

ಮುಂದಿನ ರವಿವಾರ ನಾವಿಬ್ಬರೂ ಸಿಂಧನೂರಿಗೆ ಹೋದೆವು. ಮೆಕ್ಯಾನಿಕ್ಕು ಒಳ್ಳೆಯ ಮನುಷ್ಯ, ಸ್ಟೂಲು ಕೊಟ್ಟು ಕೂಡ್ರಿಸಿ ತಿಳಿಯುವಂತೆ ಹೇಳಿದ. "ಊರಾಗ ಸಣ್ಣಸಣ್ಣಕ ಓಡಿಸಿದ್ರ ಮಸಿ ಕುಂದರತೈತ್ರಿ. ದೊಡ್ಡ ರಸ್ತೇದಾಗ ಒಂದಸಮ ಓಡಿಸ್ರಿ, ಕಾದು ತಾನ ಸುಟ್ಟು ಹೋಗತೈತಿ. ದೀಪ ಆರೂ ತನಕ ಗಾಡಿ ನಿಂದರಸಬ್ಯಾಡ್ರಿ."

ಗಾಡಿ ನಿಲ್ಲಿಸಬಾರದು. ನಮ್ಮ ಮನೆಯವರು ಈ ಮಾತನ್ನು ಗುರುವಾಕ್ಯದಂತೆ ತಲೆಯ ಮೇಲಿಟ್ಟುಕೊಂಡರು.

ಮಸ್ಕಿಯ ಕಡೆಗೆ ಹೊರಟು ಸ್ವಲ್ಪ ದೂರ ಬಂದಿದ್ದೆವು. ನಮ್ಮಿಂದ ರೊಟ್ಟಿ ಕೊಳ್ಳುವ ಖಾನಾವಳಿಯ ಮಾಲೀಕರು ರಸ್ತೆಯ ಬದಿಗೆ ಮೋಟಾರ್ ಸೈಕಲ್ ನಿಲ್ಲಿಸಿಕೊಂಡು, ಕೈಯಲ್ಲಿ ಖಾಲಿ ಬಾಟಲಿ ಹಿಡಿದು ಎರಡೂ ಕೈ ಬೀಸುತ್ತಿದ್ದರು. ಪೆಟ್ರೋಲ್ ಮುಗಿದಿರಬೇಕು. ನಿಲ್ಲಿಸುವಂತಿಲ್ಲ, ನೋಡದವರಂತೆ ಹೋಗುವುದೂ ಮರ್ಯಾದೆಯಲ್ಲ. ನಮ್ಮ ಮನೆಯವರು ನಕ್ಕು ಒಂದು ಕೈ ಬೀಸಿದರು. ಅವರ ಇನ್ನೊಂದು ಕೈ ಸ್ಟೇರಿಂಗಿನ ಮೇಲಿದ್ದುದರಿಂದ ಆ ಕೊರತೆಯನ್ನು ನಾನು ತುಂಬಿದೆ.

ಇಷ್ಟು ನಿಷ್ಠುರ ಕಟ್ಟಿಕೊಂಡರೂ ಫಲ ಸಿಗಲಿಲ್ಲ. ಬಳಗಾನೂರಿನ ಕಡೆಯಿಂದ ಬಂದ ಕುರಿಹಿಂಡು ರಸ್ತೆಗೆ ಅಡ್ಡವಾಗಿ, ಗಾಡಿ ನಿಲ್ಲಿಸಿ ಎಂಜಿನ್ ಬಂದ್ ಮಾಡಿ ಕೂಡಬೇಕಾಯಿತು. ದೀಪ ಹಾಗೆಯೇ ಉಳಿಯಿತು.

ಮರುದಿನ ನಾವಿಬ್ಬರೂ ರೊಟ್ಟಿಯ ಬುಟ್ಟಿ ಹಿಡಿದು ಖಾನಾವಳಿಯ ಬಾಗಿಲಿಗೆ ಹೋದಾಗ ಮಾಲೀಕರು ನಗುನಗುತ್ತ ನಮಗೆ ಎರಡೂ ಕೈ ಬೀಸಿ ಒಳಗೆ ಹೋಗಿಬಿಟ್ಟರು. ಅವರು ಮತ್ತೆ ಹೊರಗೆ ಬರುವಷ್ಟರಲ್ಲಿ ರೊಟ್ಟಿ ಆರಿ ಹೋಗಿದ್ದವು.

ಹೊಸ ಮನೆ

ಅದೇ ವಾರ ನಮ್ಮ ಮನೆಯವರು ಊಟಕ್ಕೆ ಕುಳಿತಾಗ, ಕುರಿ ಕಡಿಮೆ ಇರುವ ಉದ್ದನೆಯ ರಸ್ತೆ ಯಾವುದು ಎಂದು ತಾವಾಗಿಯೇ ಕೇಳಿದರು. ನಾನು ತಲೆ ಎತ್ತಲಿಲ್ಲ. ತಟ್ಟೆಗೆ ಪಲ್ಯ ಬಡಿಸುತ್ತ, "ಲಿಂಗಸುಗೂರಿನ ಮ್ಯಾಲೆ ಹಾದು ಮುದಗಲ್ಲ" ಎಂದೆ. ಅವರು "ನೋಡೂನು" ಎನ್ನಲಿಲ್ಲ. ಆ ದೀಪಕ್ಕೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ರವಿವಾರ ಲಿಂಗಸುಗೂರು ದಾಟಿ ಮುದಗಲ್ಲು ಬಂದರೂ ದೀಪ ಆರಲಿಲ್ಲ. ತಂಗಿಯ ಮನೆ ಊರ ಹೊರಗಿನ ಹೊಸ ಬಡಾವಣೆಯಲ್ಲಿದೆ, ಸುತ್ತಲೂ ರಸ್ತೆ. ಅವಳು ಅಂಗಳ ಕಸ ಹೊಡೆಯುತ್ತಿದ್ದಳು. ನಮ್ಮ ಕಾರು ಅವಳ ಮುಂದೆಯೇ ಹಾದು ಹೋಯಿತು. ಎಂಜಿನ್ ಚಾಲೂ ಇಟ್ಟು ನಿಂತರಾಗದೇ ಎಂದು ಕೇಳಿದೆ. ನಿಂದರಸಬ್ಯಾಡ ಅಂದಾನ ಎಂದು ಅವರು ಮನೆಯ ಹಿಂದಿನ ರಸ್ತೆಗೆ ತಿರುಗಿಸಿದರು.

ಎರಡನೆಯ ಸುತ್ತಿಗೆ ಅವಳು ಕಸಬರಿಗೆ ಹಿಡಿದು ನೆಟ್ಟಗೆ ನಿಂತಿದ್ದಳು. ಮಾತು ಬಿಟ್ಟವಳಿಗೆ ಮೊದಲ ಮಾತು ಏನು ಆಡಬೇಕೆಂದು ನಾನು ದಾರಿಯುದ್ದಕ್ಕೂ ಯೋಚಿಸಿ ಇಟ್ಟುಕೊಂಡಿದ್ದೆ. ಗಾಬರಿಯಲ್ಲಿ ಅದೆಲ್ಲ ಮರೆತು, ಕಿಟಕಿಯಿಂದ ಮುಖ ಹಾಕಿ, "ದೀಪ ಆರಲಿ ಅಂತ ತಿರುಗಾಕತ್ತೀವಿ ಬೇ" ಎಂದು ಕೂಗಿದೆ.

ಆಚೀಚೆ ಮನೆಯವರು ಹೊರಗೆ ಬಂದರು. ಮುಂದಿನ ಸುತ್ತಿಗೆ ತಂಗಿ ರಸ್ತೆಗೇ ಇಳಿದಿದ್ದಳು. "ಹೊಸ ಮನಿ ಮುಂದ ನಿಂತು ದೀಪ ಆರಲಿ ಅಂತೀಯಲ್ಲಕ್ಕ, ನಿನಗ ಬುದ್ಧಿ ಐತೇನು?"

"ನಿಂತಿಲ್ಲ ಬೇ, ನಿಂದರಸಬಾರದಂತ" ಎನ್ನುವಷ್ಟರಲ್ಲಿ ನಾವು ಮತ್ತೆ ಹಿಂದಿನ ರಸ್ತೆಯಲ್ಲಿದ್ದೆವು. ಅಡುಗೆಮನೆಯ ಕಿಟಕಿ, ನೀರಿನ ಟಾಕಿ, ಹಿತ್ತಿಲ ಕರಿಬೇವು, ಎಲ್ಲವನ್ನೂ ನೋಡಿಯಾಗಿತ್ತು; ಹೊಸ್ತಿಲು ದಾಟುವುದೊಂದೇ ಉಳಿದಿತ್ತು.

ಕೊನೆಗೆ ತಿರುವಿನಲ್ಲಿ ಕಾರು ಸಾವಕಾಶವಾದಾಗ ತಂಗಿ ಹಿಂದಿನ ಬಾಗಿಲು ತೆಗೆದು, ಕಸಬರಿಗೆಯ ಸಮೇತ ಒಳಗೆ ಹತ್ತಿ ಕುಳಿತಳು. ನನ್ನ ಮುಖ ನೋಡಲಿಲ್ಲ. ನಡೆದುದನ್ನೆಲ್ಲ ಹೇಳಿದೆ. ಅವಳು ಮುಂದಕ್ಕೆ ಬಾಗಿ ದೀಪವನ್ನು ನೋಡಿ, ನಮ್ಮ ಮನೆಯವರ ಫೋನಿನಿಂದಲೇ ಮೆಕ್ಯಾನಿಕ್ಕಿಗೆ ಹಚ್ಚಿಸಿ ಕೇಳಿದಳು. ಗಾಡಿ ನಿಂದರಸಬ್ಯಾಡ್ರಿ ಅಂದ್ರ ಎಂಜಿನ್ ಬಂದ್ ಮಾಡಬ್ಯಾಡ್ರಿ ಅಂತ, ಗಾಲಿ ನಿಲ್ಲಬಾರದು ಅಂತ ಯಾರಂದ್ರಿ ಎಂದು ಅವನು ನಕ್ಕದ್ದು ಎಲ್ಲರಿಗೂ ಕೇಳಿಸಿತು. ತಂಗಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ನನ್ನ ಭುಜಕ್ಕೆ ಹಣೆ ಹಚ್ಚಿದಳು, ಆಮೇಲೆ ಅದು ಅಳುವೂ ಆಯಿತು. ಆ ಗದ್ದಲದಲ್ಲಿ ದೀಪ ಯಾವಾಗ ಆರಿತೋ ಯಾರೂ ನೋಡಲಿಲ್ಲ.

ಸಂಜೆಯವರೆಗೂ ಅವಳ ಮನೆಯಲ್ಲಿ ಕುಳಿತು ಉಂಡು, ಮಾತಾಡಿ ಹೊರಟೆವು. ತಂಗಿ ನನಗೆ ಉಡಿ ತುಂಬಿ, ಕಾರಿನ ಕಿಟಕಿಯ ಹತ್ತಿರ ಬಂದು ನಮ್ಮ ಮನೆಯವರನ್ನು ಮೆಲ್ಲಗೆ ಕೇಳಿದಳು: "ಮಾಮಾ, ಆ ದೀಪ ಮತ್ತ ಹತ್ತಬೇಕಂದ್ರ ಏನ್ ಮಾಡಬೇಕ್ರಿ?"

ಅವರು ಬಲ್ಲವರ ಗಾಂಭೀರ್ಯದಿಂದ, ಊರೊಳಗೇ ಸಾವಕಾಶ ಓಡಿಸುತ್ತಿದ್ದರೆ ತಾನಾಗಿಯೇ ಹತ್ತುತ್ತದೆ ಎಂದರು.

"ಹಂಗಾದ್ರ ನಾಳೆಯಿಂದ ದಿನಾ ಭಾಳ ಸಾವಕಾಶ ಓಡಿಸ್ರಿ ಮಾಮಾ."